ಬ್ರೇಕಿಗೆ ಮೆತ್ತಿದ ಹಿಟ್ಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ಕಾರಿಗೆ ಅಗತ್ಯಕ್ಕಿಂತ ದೊಡ್ಡ ಬ್ರೇಕುಗಳಿವೆ. ಹೋಳಿಗೆ ಹರಡುವ ಪರಾತದಷ್ಟು ಅಗಲದ ಉಕ್ಕಿನ ಬಿಲ್ಲೆಗಳು, ಅವನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯಲು ಹಳದಿ ಬಣ್ಣ ಬಳಿದ ದಪ್ಪ ದವಡೆಗಳು. ಆ ದವಡೆಗೆ ಕ್ಯಾಲಿಪರ್ ಎಂಬ ಹೆಸರಿದೆ, ಆದರೆ ನಾನು ದವಡೆ ಎಂದೇ ಕರೆಯುತ್ತೇನೆ. ನೋಡಿದರೆ ನೀವೂ ಹಾಗೆಯೇ ಕರೆಯುತ್ತೀರಿ. ಕಾರಿನ ಹಿಂದಿನ ಒಡೆಯ, ನಾವಿರುವ ಸ್ವೀಡನ್ನಿನಲ್ಲೇ, ಟೋರ್ಸ್‌ಲಾಂಡದ ಕಡೆಯವನು. ರಜೆಯ ದಿನ ರೇಸಿನ ಟ್ರ್ಯಾಕಿಗೆ ಹೋಗಿ ಸುತ್ತು ಹೊಡೆಯುತ್ತಿದ್ದನಂತೆ, ಅದಕ್ಕೆಂದೇ ಮೂಲ ಬ್ರೇಕುಗಳನ್ನು ಕಳಚಿ ಇವನ್ನು ಕೂರಿಸಿದ್ದ. ನಾನಾದರೋ ಓಡಿಸುವುದು ಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಮನೆಗೆ, ಬುಧವಾರವಾದರೆ ಈಜುಕೊಳಕ್ಕೆ. ದಾರಿಯಲ್ಲಿ ಅಡ್ಡ ಬರುವುದು ಹೆಚ್ಚೆಂದರೆ ಒಂದು ಮೊಲ. ಅದರ ಮರ್ಯಾದೆಗೆ ಇಷ್ಟು ದೊಡ್ಡ ಬ್ರೇಕು ಬೇಕಿರಲಿಲ್ಲ.

ಇನ್ನೊಂದು ಮಾತು. ಮೂರು ಜನರ ಸಂಸಾರದಲ್ಲಿದ್ದುಕೊಂಡು ನಾನು ಕೊಂಡದ್ದು ಎರಡೇ ಸೀಟಿನ ಕಾರು. ವಿಡಿಯೊ ಕರೆಯಲ್ಲಿ ದಾವಣಗೆರೆಯ ಚಿಕ್ಕಮ್ಮನಿಗೆ ಅದನ್ನು ಸುತ್ತಲೂ ತೋರಿಸಿದೆ. ಆಕೆ ಬಣ್ಣ ನೋಡಲಿಲ್ಲ, ಚಂದ ನೋಡಲಿಲ್ಲ. "ಹಿಂದ್ಲ ಸೀಟು ಎಲ್ಲೈತೆ ಶೈಲಾ?" ಎಂದಳು. ಈ ಕಾರಿಗೆ ಹಿಂದಿನ ಸೀಟೇ ಇರುವುದಿಲ್ಲ ಎಂದೆ. "ಹೋಗ್ಲಿ ಬಿಡು, ಆಮೇಲೆ ಹಾಕಿಸ್ಕಂಡ್ರಾತು" ಎಂದು ನನಗೇ ಸಮಾಧಾನ ಹೇಳಿದಳು. ತಪ್ಪು ಅವಳದ್ದಲ್ಲ. ಕಾರೆಂದರೆ ಮೊದಲು ಎಷ್ಟು ಜನ ಹಿಡಿಸುತ್ತಾರೆ ಎಂದು ಎಣಿಸುವ ಕುಲ ನಮ್ಮದು. ಮದುವೆಗೆ ಕಾರು ತುಂಬಿ ಹೋಗಿ, ಬರುವಾಗ ಅಲ್ಲಿ ಸಿಕ್ಕ ಇನ್ನೊಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಬಂದವರು ನಾವು.

ಯಾಕೆ ಕೊಂಡೆ ಎಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ, ಇಷ್ಟವಾಯಿತು. ನಾನು ಶೋವ್ಡೆಯ ಎಂಜಿನ್ ಕಾರ್ಖಾನೆಯಲ್ಲಿ ಅಳತೆಯ ವಿಭಾಗದಲ್ಲಿದ್ದೇನೆ. ಕೂದಲೆಳೆಯನ್ನು ಉದ್ದಕ್ಕೆ ಸೀಳಿದರೆ ಬರುವ ಚೂರಿನಷ್ಟು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳುವುದೇ ನನ್ನ ಅನ್ನ. ದಿನವಿಡೀ ಇನ್ನೊಬ್ಬರ ಎಂಜಿನ್ನುಗಳನ್ನು ಅಳೆಯುವವಳಿಗೆ ಒಂದಾದರೂ ಸ್ವಂತ ಎಂಜಿನ್ನು ಬೇಡವೇ? ಮನೆಯಲ್ಲಿರುವ ಮಿಕ್ಕೆಲ್ಲವನ್ನೂ ಯಾರಿಗಾದರೂ ಬೇಕು ಎಂದು ಕೊಂಡದ್ದು. ಇದೊಂದನ್ನು ನನಗೆ ಬೇಕು ಎಂದು ಕೊಂಡೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಆದರೆ ಕೊಂಡ ಮೇಲೆ, ನಾನು ಕೇಳದೇ ಇದ್ದ ಒಂದು ಲಾಭ ಆ ಕಾರಿನಿಂದ ಆಯಿತು. ನಮ್ಮ ಮಗಳು ಇಳಾಗೆ ಹನ್ನೆರಡು ವರ್ಷ. ನನ್ನ ಗಂಡ ರಘುವಿನ ಸ್ಟೇಷನ್ ವ್ಯಾಗನ್ನಿನಲ್ಲಿ ಹೋಗುವಾಗ ಅವಳು ಹಿಂದಿನ ಸೀಟಿನ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒರಗಿಬಿಡುತ್ತಾಳೆ. ನಾನು ಕನ್ನಡದಲ್ಲಿ ಎರಡು ವಾಕ್ಯ ಕೇಳಿದರೆ ಸ್ವೀಡಿಷ್‌ನಲ್ಲಿ ಅರ್ಧ ಪದದ ಉತ್ತರ ಬರುತ್ತದೆ. ನನ್ನ ಕಾರಿನಲ್ಲಿ ಹಿಂದೆ ಹೋಗಿ ಕೂರಲು ಜಾಗವೇ ಇಲ್ಲವಲ್ಲ! ಬುಧವಾರದ ಈಜಿನ ತರಗತಿಗೆ ಅವಳು ನನ್ನ ಪಕ್ಕದಲ್ಲಿ, ನನ್ನಷ್ಟೇ ತಗ್ಗಿನಲ್ಲಿ, ಕಾಲು ಚಾಚಿ ಕೂರಬೇಕು. ಇಬ್ಬರೂ ರಸ್ತೆಯನ್ನೇ ನೋಡುತ್ತಿರುತ್ತೇವೆ. ಮುಖ ನೋಡಬೇಕಾಗಿಲ್ಲದಿದ್ದರೆ ಮಾತು ಎಷ್ಟು ಸಲೀಸಾಗಿ ಬರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಅಲ್ಲಿ. ಶಾಲೆಯ ಊಟದ ಮನೆಯಲ್ಲಿ ಯಾರ ಪಕ್ಕ ಯಾರು ಕೂತರು, ಯಾವ ಗೆಳತಿ ಇದ್ದಕ್ಕಿದ್ದಂತೆ ಮಾತು ಬಿಟ್ಟಳು, ಎತ್ತರದ ಹಲಗೆಯಿಂದ ನೀರಿಗೆ ಹಾರಲು ಎಷ್ಟು ಭಯ, ಎಲ್ಲ ಹೇಳಿದಳು. ಒಂದು ವಾಕ್ಯದಲ್ಲಿ ಮೂರು ಭಾಷೆ, ಆದರೂ ನನಗೆ ಎಲ್ಲ ಅರ್ಥವಾಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಬುಧವಾರಕ್ಕಾಗಿ ಕಾಯುವವಳಾಗಿದ್ದೆ.

ರಘುವಿಗೆ ಕಾರಿನ ಮೇಲೆ ದ್ವೇಷವೇನಿಲ್ಲ. ಅವನ ತಕರಾರು ಇದ್ದದ್ದು ಗ್ಯಾರೇಜಿನ ಬಗ್ಗೆ, ಮತ್ತು ಅದು ನ್ಯಾಯವಾದದ್ದು. ನಮ್ಮದು ಒಂದೇ ಕಾರು ಹಿಡಿಯುವ ಗ್ಯಾರೇಜು. ಚಳಿಗಾಲದಲ್ಲಿ ನನ್ನ ಕಾರು ಓಡದೆ ಒಳಗೆ ಬೆಚ್ಚಗೆ ಮಲಗಿದರೆ, ದಿನಾ ಓಡುವ ಅವನ ಕಾರು ಹೊರಗೆ ನಿಂತು ಹೆಪ್ಪುಗಟ್ಟಬೇಕು. ಬೆಳಿಗ್ಗೆ ಎದ್ದು ಗಾಜಿನ ಮೇಲಿನ ಹಿಮ ಕೆರೆಯುವವನು ಅವನು. ಆಗಸ್ಟಿನಲ್ಲೇ ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. "ಚಳಿಗಾಲದಲ್ಲೂ ಓಡೋ ಹಾಗಿದ್ರೆ ಇಟ್ಕೋ. ಇಲ್ಲಾಂದ್ರೆ ಸ್ನೋ ಬೀಳೋದ್ರೊಳಗೆ ಮಾರಿಬಿಡೋಣ. ಮೂರು ಜನ ಕೂರೋ ಸಣ್ಣ ಕಾರು ಯಾವ್ದಾದ್ರೂ ತಗೋ" ಎಂದ. ನಾನು ಯೋಚನೆಯನ್ನೇ ಮಾಡದೆ ಕೈ ಕೊಟ್ಟೆ. ಚಕ್ರ ಬದಲಾಯಿಸುವುದು ಯಾವ ಮಹಾ ವಿದ್ಯೆ ಎಂಬ ಧೈರ್ಯ ನನ್ನದು.

ಈ ದೇಶದಲ್ಲಿ ಚಕ್ರ ಬದಲಾಯಿಸುವುದು ಒಂದು ಹಬ್ಬ ಎಂಬುದನ್ನು ಇಲ್ಲಿ ಹೇಳಲೇಬೇಕು. ಡಿಸೆಂಬರಿನಿಂದ ಮಾರ್ಚಿನ ಕೊನೆಯವರೆಗೆ ರಸ್ತೆ ಹಿಮಗಟ್ಟಿದ್ದರೆ ಚಳಿಗಾಲದ ಟೈರು ಕಡ್ಡಾಯ. ಆದ್ದರಿಂದ ಎಲೆ ಉದುರುವ ಕಾಲಕ್ಕೆ ಬೀದಿಯ ಎಲ್ಲ ಮನೆಗಳವರೂ ಜಾಕು, ಸ್ಪ್ಯಾನರು ಹಿಡಿದು ಹೊರಗೆ ಬರುತ್ತಾರೆ. ನಮ್ಮ ಆಯುಧಪೂಜೆಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುವುದರಿಂದ ನನಗೆ ಇದು ಬಲು ಹಿತ. ಅವರು ನಟ್ಟು ಬಿಗಿಯುತ್ತಾರೆ, ನಾವು ನಿಂಬೆಹಣ್ಣು ಇಡುತ್ತೇವೆ, ಇಬ್ಬರ ಪ್ರಾರ್ಥನೆಯೂ ಒಂದೇ. ಜಾಗವಿಲ್ಲದವರು ಕಳಚಿದ ಚಕ್ರಗಳನ್ನು ಟೈರು ಹೋಟೆಲ್ಲಿಗೆ ಕೊಡುತ್ತಾರೆ. ಹೌದು, ಇಲ್ಲಿ ಟೈರುಗಳಿಗೂ ಹೋಟೆಲ್ಲಿದೆ. ಆರು ತಿಂಗಳು ಅಲ್ಲೇ ವಾಸ. ಹಳೆಯ ನೆಂಟರ ಪೈಕಿ ಕೆಲವರನ್ನು ಹೀಗೆ ಕಳಿಸುವ ವ್ಯವಸ್ಥೆ ನಮ್ಮ ಕಡೆಯೂ ಇದ್ದಿದ್ದರೆ ಎಂದು ನನಗೆ ಅನಿಸಿದ್ದುಂಟು.

ಚಳಿಗಾಲದ ಚಕ್ರ ಬೇಸಿಗೆಯದಕ್ಕಿಂತ ಸಣ್ಣದಿರಬೇಕು ಎನ್ನುವುದು ಇಲ್ಲಿನ ಅನುಭವಸ್ಥರ ಮಾತು. ಲೋಹದ ಚಕ್ರ ಸಣ್ಣದಾದಷ್ಟೂ ಅದರ ಸುತ್ತ ರಬ್ಬರು ದಪ್ಪ ಸಿಗುತ್ತದೆ. ಹಿಮದಡಿಯ ಗುಂಡಿಗಳಿಗೆ ಬಿದ್ದರೆ ರಬ್ಬರು ತಾಳಿಕೊಳ್ಳುತ್ತದೆ, ಲೋಹ ಉಳಿಯುತ್ತದೆ. ನನ್ನ ತೊಂದರೆ ಶುರುವಾದದ್ದು ಅಲ್ಲೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ನನ್ನ ಬ್ರೇಕು ಬೇಸಿಗೆಯ ದೊಡ್ಡ ಹಾಸಿಗೆಯಲ್ಲಿ ಆಗಲೇ ಕಾಲು ಚಾಚಿ ಮಲಗಿತ್ತು. ಅದನ್ನು ಚಳಿಗಾಲದ ಸಣ್ಣ ಹಾಸಿಗೆಯಲ್ಲಿ ಹಿಡಿಸಬೇಕಿತ್ತು. ಇನ್ನೂ ತಮಾಷೆಯೆಂದರೆ, ಹಿಮದ ಮೇಲೆ ಕಾರನ್ನು ನಿಲ್ಲಿಸುವುದು ಬ್ರೇಕಲ್ಲ, ಟೈರು. ಬಿಲ್ಲೆ ಎಷ್ಟೇ ದೊಡ್ಡದಿರಲಿ, ಟೈರಿಗೆ ಹಿಡಿತ ಸಿಗದಿದ್ದರೆ ಕಾರು ತನ್ನ ಪಾಡಿಗೆ ಜಾರಿಕೊಂಡು ಹೋಗುತ್ತದೆ. ಅಂದರೆ ಯಾವ ಕಾಲದಲ್ಲಿ ನನ್ನ ಬ್ರೇಕಿನ ಹಿರಿಮೆ ಕೆಲಸಕ್ಕೆ ಬಾರದೋ, ಅದೇ ಕಾಲದಲ್ಲಿ ಅದು ಎಲ್ಲಕ್ಕೂ ಅಡ್ಡಿಯಾಗಿ ಕೂತಿತ್ತು. ಇಂಥ ಹಿರಿಯರು ನಮ್ಮ ಮನೆಗಳಲ್ಲೂ ಇರುತ್ತಾರೆ.

ಅಳೆದೂ ಸುರಿದೂ ಕಾರು ತಯಾರಿಸಿದವರದ್ದಲ್ಲದ, ಬೇರೆ ಕಂಪನಿಯ ನಾಲ್ಕು ಚಕ್ರಗಳನ್ನು ತರಿಸಿದೆ. ಚಕ್ರ ಹೊಂದಿಸುವುದೆಂದರೆ ಜಾತಕ ನೋಡಿದ ಹಾಗೆ. ಬೋಲ್ಟುಗಳ ನಡುವಿನ ಅಂತರ ಕೂಡಬೇಕು, ನಡುವಿನ ತೂತಿನ ಅಗಲ ಕೂಡಬೇಕು, ಚಕ್ರ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಎಂಬ ಆಫ್‌ಸೆಟ್ ಕೂಡಬೇಕು. ಕ್ಯಾಟಲಾಗಿನಲ್ಲಿ ನನ್ನ ಕಾರಿನ ಹೆಸರು ಹಾಕಿದೆ, ಮೂವತ್ತಾರಕ್ಕೆ ಮೂವತ್ತಾರು ಗುಣವೂ ಕೂಡಿತು ಎಂದು ಬಂತು. ಆದರೆ ಕ್ಯಾಟಲಾಗಿಗೆ ಗೊತ್ತಿದ್ದದ್ದು ನನ್ನ ಕಾರು, ನನ್ನ ಬ್ರೇಕಲ್ಲ. ಹುಡುಗ ಹುಡುಗಿಯ ಜಾತಕ ನೋಡಿದರು, ಮನೆಯಲ್ಲಿ ಬೀಡುಬಿಟ್ಟಿದ್ದ ಸೋದರತ್ತೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಚಕ್ರ ಬಂದ ದಿನವೇ ಎತ್ತಿ ಕೂರಿಸಿ ನೋಡಿದೆ. ಕೂತಿತು. ಸುತ್ತಳತೆಯಲ್ಲಿ ತೊಂದರೆಯಿರಲಿಲ್ಲ, ಬಿಲ್ಲೆಯ ಸುತ್ತ ಬೆರಳು ಹೋಗುವಷ್ಟು ಜಾಗವಿತ್ತು. ತೊಂದರೆಯಿದ್ದದ್ದು ಮುಂಭಾಗದಲ್ಲಿ. ಚಕ್ರದ ಕಡ್ಡಿಗಳ ಒಳಮೈಗೂ ಹಳದಿ ದವಡೆಯ ಹೊರಮೈಗೂ ನಡುವೆ ಏನಾದರೂ ಸಂದು ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತಿರಲಿಲ್ಲ. ದಾವಣಗೆರೆಯಲ್ಲಿ ನಾನು ಕಾಲೇಜಿಗೆ ಹೋಗುತ್ತಿದ್ದ ಸೈಕಲ್ಲಿನ ಬ್ರೇಕು ನೆನಪಾಯಿತು. ಅಲ್ಲಿ ರಬ್ಬರಿನ ತುಂಡು ಚಕ್ರಕ್ಕೇ ಒತ್ತಿಕೊಂಡು ನಿಲ್ಲಿಸುತ್ತಿತ್ತು. ಮುಟ್ಟುವುದೇ ಅದರ ಧರ್ಮ. ಇಲ್ಲಿ ಬ್ರೇಕು ಚಕ್ರದ ಹೊಟ್ಟೆಯೊಳಗೇ ಕೂತಿರಬೇಕು, ಆದರೆ ಒಮ್ಮೆಯೂ ಚಕ್ರವನ್ನು ಮುಟ್ಟಬಾರದು. ವೇಗದಲ್ಲಿ ಮುಟ್ಟಿತೋ, ಎರಡೂ ಹಾಳು, ಕೂತವರ ಗತಿ ಕೇಳಬೇಡಿ.

ಇಂಥ ಹೊತ್ತಿಗೆ ನಮಗಿರುವ ಆಪದ್ಬಾಂಧವ ಡೆನಿಸ್. ಮಂಗಳೂರಿನವನು, ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಬ್ರೇಕಿನ ಮೇಲೆಯೇ ಕೆಲಸ. ನಮ್ಮ ಎದುರು ಬೆಂಗಳೂರಿನ ಧಾಟಿಯಲ್ಲಿ ಬಲು ಹುಷಾರಾಗಿ ಕನ್ನಡ ಮಾತಾಡುತ್ತಾನೆ. ಖುಷಿಯೋ ಗಾಬರಿಯೋ ಆದರೆ ಮಾತ್ರ ಕರಾವಳಿ ಹೊರಗೆ ಬರುತ್ತದೆ. ಶನಿವಾರ ಮಧ್ಯಾಹ್ನ ಬಂದವನು, ಚಳಿ ತಡೆಯಲಾಗದೆ ಮೊದಲು ಗ್ಯಾರೇಜಿನ ಹೀಟರನ್ನು ಪೂರ್ತಿ ತಿರುಗಿಸಿದ. ಆಮೇಲೆ ಕೆಳಗೆ ಕೂತು ನೋಡಿ, "ಮಿನಿಮಮ್ ಮೂರು ಮಿಲಿಮೀಟರ್ ಗ್ಯಾಪ್ ಬೇಕು ಶೈಲಾ. ಬಿಸಿಗೆ ಎಲ್ಲ ಸ್ವಲ್ಪ ಹಿಗ್ಗುತ್ತೆ, ತಿರುವಲ್ಲಿ ವೀಲ್ ಬಾಗುತ್ತೆ, ಮಧ್ಯೆ ಐಸು, ಕಲ್ಲು ಸೇರ್ಕೊಳ್ಳುತ್ತೆ" ಎಂದ. ಅಳೆಯುವ ಉಪಾಯವನ್ನೂ ಅವನೇ ಹೇಳಿದ. ದವಡೆಯ ಮೇಲೆ ಜೇಡಿಮಣ್ಣು ದಪ್ಪಗೆ ಮೆತ್ತಿ, ಚಕ್ರ ಕೂರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು. ಹೆಚ್ಚಿದ್ದ ಮಣ್ಣನ್ನು ಕಡ್ಡಿಗಳು ಸವರಿಕೊಂಡು ಹೋಗುತ್ತವೆ. ಉಳಿದ ಮಣ್ಣಿನ ದಪ್ಪವೇ ಅಲ್ಲಿರುವ ಸಂದು.

ಜೇಡಿಮಣ್ಣು ಎಲ್ಲಿಂದ ತರುವುದು? ಇಳಾ ಬಣ್ಣದ ಮಣ್ಣಿನಲ್ಲಿ ಆಡುವ ವಯಸ್ಸು ದಾಟಿದ್ದಾಳೆ. "ಮನೇಲಿ ಚಪಾತಿ ಹಿಟ್ಟಿದ್ರೆ ಸಾಕು" ಎಂದ ಡೆನಿಸ್. ಬೆಳಿಗ್ಗೆ ಕಲಸಿಟ್ಟದ್ದು ಫ್ರಿಜ್ಜಿನಲ್ಲಿತ್ತು. ನಮ್ಮ ಫ್ರಿಜ್ಜನ್ನು ನೀವು ನೋಡಿಲ್ಲ, ಆದರೆ ನಿಮ್ಮದನ್ನು ನೋಡಿದ್ದರೆ ನೋಡಿದಂತೆಯೇ: ಎಲ್ಲವೂ ಸ್ಟೀಲ್ ಡಬ್ಬಿಯಲ್ಲಿ. ಅದರಲ್ಲೂ ಒಂದೇ ಅಳತೆಯ ಎರಡು ಡಬ್ಬಿಗಳು ಮದುವೆಯಲ್ಲಿ ಬಂದವು, ಕೊಟ್ಟ ಮಾವನವರ ಹೆಸರು ಕೊರೆಸಿದ್ದು. ಡಬ್ಬಿ ಕೊಟ್ಟವರು ಯಾರೆಂದು ಇಪ್ಪತ್ತು ವರ್ಷವಾದರೂ ಓದಬಹುದು, ಒಳಗಿರುವುದು ಏನೆಂದು ಮಾತ್ರ ತೆಗೆದೇ ನೋಡಬೇಕು. ನಾನು ತೆಗೆದು ನೋಡಿದೆ ಕೂಡ. ಹಿಟ್ಟಿತ್ತು, ತೆಗೆದುಕೊಂಡು ಬಂದೆ. ಮೆತ್ತುವಾಗ ಡೆನಿಸ್ ಮೂಗು ಹಿಗ್ಗಿಸಿ, "ಚಪಾತಿಗೆ ಏಲಕ್ಕಿ ಹಾಕ್ತೀರಾ ನೀವು?" ಎಂದ. ಫ್ರಿಜ್ಜಿನ ವಾಸನೆ ಎಂದು ನಾನು ತಳ್ಳಿಹಾಕಿದೆ.

ಚಕ್ರ ಕೂರಿಸಿದೆವು, ಬಿಗಿದೆವು, ತಿರುಗಿಸಿದೆವು, ಕಳಚಿದೆವು. ಹಿಟ್ಟಿನ ಮೇಲೆ ಕಡ್ಡಿಗಳು ಸವರಿದ ಗುರುತು ನುಣ್ಣಗೆ ಮೂಡಿತ್ತು. ಡೆನಿಸ್ ತಕ್ಷಣ ಅಳೆಯಲು ಕೈ ಚಾಚಿದ. ತಡೆದವಳು ನಾನು. ನಮ್ಮ ಅಳತೆಯ ಕೋಣೆಯಲ್ಲಿ ಒಂದು ನಿಯಮವಿದೆ: ಹೊರಗಿನಿಂದ ಬಂದ ವಸ್ತುವನ್ನು ಬಂದ ಕೂಡಲೇ ಅಳೆಯಬಾರದು, ಕೋಣೆಯ ಶಾಖಕ್ಕೆ ಹೊಂದಿಕೊಳ್ಳಲು ಬಿಡಬೇಕು. ಫ್ರಿಜ್ಜಿನಿಂದ ಬಂದ ಹಿಟ್ಟಿಗೂ ಅದೇ ಗೌರವ ಸಲ್ಲಬೇಕೆಂದು ನಾನು ಗಂಭೀರವಾಗಿ ಹೇಳಿದೆ. ಹೇಳುವಾಗ ನನ್ನ ಧ್ವನಿ ನನಗೇ ಬಹಳ ಇಷ್ಟವಾಯಿತು. ಅಷ್ಟರಲ್ಲಿ ರಘು ಒಳಗಿನಿಂದ ಫೀಕಾಗೆ ಕರೆದ. ಈ ದೇಶದಲ್ಲಿ ಕಾಫಿಗೆ ಕರೆದರೆ ಭೂಕಂಪವಾಗುತ್ತಿದ್ದರೂ ಹೋಗಬೇಕು. ಹೋದೆವು, ಕಾಫಿ ಕುಡಿದೆವು, ಡೆನಿಸ್ ಮಂಗಳೂರಿನ ಮೀನಿನ ಮಾರ್ಕೆಟ್ಟಿನ ಕಥೆ ಹೇಳಿದ, ಇನ್ನೊಂದು ಸುತ್ತು ಕಾಫಿ ಆಯಿತು.

ವಾಪಸು ಬಂದು ಅಳೆದರೆ ಐದು ಮಿಲಿಮೀಟರಿನ ಮೇಲೆ! "ಎಂತ ಮಾರಾಯ್ರೆ, ಆನೆ ಹೋಗ್ಲಿಕ್ಕೆ ಜಾಗ ಉಂಟಲ್ಲ ಇದ್ರಲ್ಲಿ!" ಎಂದು ಡೆನಿಸ್ ಕುಣಿದ. ನಾನು ಇಳಾಳನ್ನು ಕೂಗಿ ಕರೆದು ತೋರಿಸಿದೆ, ಚಿಕ್ಕಮ್ಮನಿಗೆ ಫೋಟೊ ಕಳಿಸಿದೆ. ರಘು ಬಾಗಿಲಲ್ಲಿ ನಿಂತು ನೋಡಿ, ಸೋತವನ ಮರ್ಯಾದೆಯಲ್ಲಿ ನನ್ನ ಕೈ ಕುಲುಕಿದ. ಡೆನಿಸ್ ಕತ್ತಲಾಗುವ ಮೊದಲು ಹೊರಟುಹೋದ.

ಸಂಜೆ ಅಡುಗೆಮನೆಯಿಂದ ರಘುವಿನ ಧ್ವನಿ ಬಂತು. "ನನ್ನ ಹಿಟ್ಟೆಲ್ಲಿ?"

ಇದನ್ನು ಬಿಡಿಸಿ ಹೇಳಬೇಕು. ರಘುವಿನ ಆಫೀಸಿನಲ್ಲಿ ಫೀಕಾಗೆ ತಿಂಡಿ ತರುವ ಸರದಿ ಇದೆ, ಸೋಮವಾರ ಅವನ ಸರದಿ. ಸ್ವೀಡನ್ನಿಗೆ ಬಂದ ಮೇಲೆ ಅವನು ಏಲಕ್ಕಿ ಹಾಕಿದ ಬುಲ್ಲೆ ಮಾಡುವುದನ್ನು ಕಲಿತಿದ್ದಾನೆ. ಸಿಹಿ ಬನ್ನು ಎಂದಿಟ್ಟುಕೊಳ್ಳಿ. ಅದಕ್ಕೆ ಯೀಸ್ಟ್ ಹಾಕಿ ಕಲಸಿದ ಹಿಟ್ಟನ್ನು ತಣ್ಣಗೆ ನಿಧಾನವಾಗಿ ಹುದುಗಲೆಂದು ಫ್ರಿಜ್ಜಿನಲ್ಲಿ ಇಟ್ಟಿದ್ದ. ಯಾವ ಡಬ್ಬಿಯಲ್ಲಿ ಎಂದು ನಿಮಗೆ ಹೇಳಬೇಕಾಗಿಲ್ಲ. ಅವನು ತೆಗೆದ ಡಬ್ಬಿಯಲ್ಲಿ ಚಪಾತಿ ಹಿಟ್ಟಿತ್ತು.

ಮೂವರೂ ಗ್ಯಾರೇಜಿಗೆ ಹೋದೆವು. ಹೀಟರು ಇನ್ನೂ ಉರಿಯುತ್ತಿತ್ತು. ದವಡೆಯ ಮೇಲಿನ ಹಿಟ್ಟು ಈಗ ಇಡ್ಲಿಯಂತೆ ಉಬ್ಬಿ, ಏಲಕ್ಕಿಯ ಘಮ ಬೀರುತ್ತ, ಬಹಳ ಸಂತೋಷದಲ್ಲಿತ್ತು. ನಾವು ಕಾಫಿ ಕುಡಿಯುತ್ತಿದ್ದಾಗಲೇ ಅದು ಏಳಲು ಶುರುಮಾಡಿತ್ತು. ನಾನು ಅಳೆದದ್ದು ಸಂದನ್ನಲ್ಲ, ಯೀಸ್ಟಿನ ಉತ್ಸಾಹವನ್ನು. ಮೊದಲು ನಕ್ಕವಳು ಇಳಾ. ಆಮೇಲೆ ರಘು. "ಹೊಟ್ಟೆಗೆ ಹಿಟ್ಟಿಲ್ಲ, ಬ್ರೇಕಿಗೆ ಹಿಟ್ಟು!" ಎಂದು ಅವನು ಗಾದೆಯನ್ನು ಅಲ್ಲೇ ತಿದ್ದಿ ಹೇಳಿದ. ನನಗೂ ನಗು ಬಂತು, ಆದರೆ ಅದರ ಬೆನ್ನಿಗೇ ಅಳುವೂ ಬಂತು. ಕೂದಲು ಸೀಳಿ ಅಳೆಯುವವಳು ಬನ್ನಿನ ಹಿಟ್ಟಿನಿಂದ ಮೋಸಹೋದೆನೆಂಬ ಅವಮಾನಕ್ಕಲ್ಲ. ಬುಧವಾರಗಳು ಕೈತಪ್ಪಿದವೆಂದು. ಬೇರೆ ಕಾರು ಬಂದೀತು, ಅದಕ್ಕೆ ಹಿಂದಿನ ಸೀಟಿರುತ್ತದೆ, ಅವಳು ಅಲ್ಲಿಗೆ ಹೋಗುತ್ತಾಳೆ, ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು.

ರಘುವೇ ಇದನ್ನು ಹುಡುಕಿ ತೆಗೆದನಲ್ಲ ಎಂದು ಆ ರಾತ್ರಿ ಒಂದಿಷ್ಟು ಹೊತ್ತು ಅವನ ಮೇಲೆ ಅನುಮಾನವನ್ನೂ ಪಟ್ಟೆ. ಗೆದ್ದವನು ಅವನೇ ತಾನೆ? ಆದರೆ ಭಾನುವಾರ ಬೆಳಿಗ್ಗೆ ನಾನು ಏಳುವ ಮೊದಲೇ ಅವನು ದವಡೆಯನ್ನು ಬಿಸಿನೀರಿನಲ್ಲಿ ಒರೆಸಿ, ಹಾಲು ಕಾಯಿಸುವ ಮೊದಲೇ ಹೊಸದಾಗಿ ಗೋಧಿ ಹಿಟ್ಟು ಕಲಸಿ ಕೂತಿದ್ದ. ಯೀಸ್ಟ್ ಇಲ್ಲ, ಏಲಕ್ಕಿ ಇಲ್ಲ ಎಂದು ಆಣೆ ಮಾಡಿದ. ಈ ಸಲ ತಡಮಾಡದೆ ಅಳೆದೆವು. ಎರಡು ಮಿಲಿಮೀಟರ್ ಕೂಡ ಇರಲಿಲ್ಲ.

ನಾನು ಡೆನಿಸನಿಗೆ ವಿಡಿಯೊ ಕರೆ ಮಾಡಿದೆ. ಕೇಳಬಾರದ್ದನ್ನು ಕೇಳಿಯೇಬಿಟ್ಟೆ: ಎರಡರ ಹತ್ತಿರ ಇದೆ, ನಿಧಾನವಾಗಿ ಓಡಿಸುತ್ತೇನೆ, ಸ್ವಲ್ಪ ಅಡ್ಜಸ್ಟ್ ಆಗುವುದಿಲ್ಲವೇ? ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವರಾಗಿ ಕೂತು ಬೆಳೆದವರ ಬಾಯಲ್ಲಿ ಈ ಮಾತು ತಾನಾಗಿ ಬರುತ್ತದೆ. ಇದೇ ಮಾತನ್ನು ಕಾರ್ಖಾನೆಯಲ್ಲಿ ಯಾರಾದರೂ ನನ್ನ ಮುಂದೆ ಆಡಿದ್ದರೆ ಅವರನ್ನು ಕೋಣೆಯಿಂದ ಹೊರಗೆ ಕಳಿಸುತ್ತಿದ್ದೆ. ಡೆನಿಸ್ ನಗಲಿಲ್ಲ. "ಬ್ರೇಕಿನ ಹತ್ರ ಅಡ್ಜಸ್ಟ್ ಎಲ್ಲ ನಡೀಲಿಕ್ಕಿಲ್ಲ ಮಾರಾಯ್ರೆ. ಸ್ಪೇಸರ್ ಹಾಕಿ" ಎಂದ.

ಸ್ಪೇಸರ್ ಎಂದರೆ ಚಕ್ರಕ್ಕೂ ಅದು ಕೂರುವ ಜಾಗಕ್ಕೂ ನಡುವೆ ಇಡುವ ಲೋಹದ ತೆಳು ಬಿಲ್ಲೆ. ಅದು ಚಕ್ರವನ್ನು ಅಷ್ಟು ಹೊರಕ್ಕೆ ತಳ್ಳುತ್ತದೆ, ದವಡೆಗೆ ಉಸಿರಾಡಲು ಜಾಗ ಸಿಗುತ್ತದೆ. ಅದರ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಕುಂಟುವ ಮೇಜಿನ ಕಾಲಿನಡಿ ಕಾಗದ ಮಡಿಸಿ ಇಟ್ಟಂತೆ, ಅದು ಸೋತವರ ಉಪಾಯ ಎಂಬ ಬಿಗುಮಾನ ನನ್ನದು. ನನ್ನ ಮುಖ ನೋಡಿ ಡೆನಿಸನಿಗೆ ಅದು ತಿಳಿಯಿತು. ಸರಿಯಾಗಿ ಕಡೆದು ಮಾಡಿದ್ದನ್ನು, ಅದಕ್ಕೆ ತಕ್ಕ ಉದ್ದದ ಬೋಲ್ಟುಗಳ ಜೊತೆಯಲ್ಲಿ ಹಾಕಿದರೆ ಅದೂ ಕಾರಿನ ಒಂದು ಭಾಗ, ಕಾಗದವಲ್ಲ ಎಂದ. ಯೋಚಿಸಿದರೆ ನಿಜ. ಮುಟ್ಟಿಕೊಂಡೇ ಬದುಕಬೇಕೆನ್ನುವುದಕ್ಕಿಂತ, ನಡುವೆ ಒಂದು ತೆಳುವಾದ, ಗಟ್ಟಿಯಾದ ಏನನ್ನಾದರೂ ಇಟ್ಟುಕೊಂಡು ಒಟ್ಟಿಗೆ ತಿರುಗುವುದರಲ್ಲಿ ಯಾವ ಸೋಲಿದೆ? ಎಷ್ಟೋ ಸಂಸಾರಗಳಲ್ಲಿ ಫೀಕಾ ಮಾಡುವ ಕೆಲಸವೂ ಅದೇ.

ಕರೆ ಮುಗಿದ ಮೇಲೆ ರಘು ಫೋನು ತೆಗೆದು ತೋರಿಸಿದ. ಅವನು ಆಗಲೇ ಸ್ಪೇಸರುಗಳನ್ನು ಹುಡುಕಿಟ್ಟಿದ್ದ, ದಪ್ಪವೂ ಸರಿಯಾಗಿತ್ತು. ನಾನು ಬಾಯಿಬಿಟ್ಟು ನೋಡಿದೆ. ಅವನು ಹಿಟ್ಟಿನ ಕೈ ತೊಳೆಯುತ್ತ, ನನ್ನ ಕಡೆ ತಿರುಗದೆ, "ಬುಧವಾರ ನೀವಿಬ್ರೂ ನಗ್ತಾ ಮನೆಗೆ ಬರ್ತೀರ. ಬೇರೆ ದಿನ ಅವ್ಳು ಸೀದಾ ರೂಮಿಗೆ ಹೋಗ್ತಾಳೆ. ನಂಗೂ ಕಣ್ಣಿದೆ ಶೈಲಾ" ಎಂದ. ಹಿಂದಿನ ರಾತ್ರಿಯ ಅನುಮಾನಕ್ಕೆ ನಾಚಿಕೆಪಟ್ಟುಕೊಂಡೆ. ಅವನ ಸೋಮವಾರದ ಫೀಕಾಗೆ ನಾನೇ ಕೂತು ಬುಲ್ಲೆ ಮಾಡಿಕೊಟ್ಟೆ. ಅವು ಸರಿಯಾಗಿ ಉಬ್ಬಲಿಲ್ಲ ಎಂಬುದು ಬೇರೆ ಮಾತು; ನನ್ನ ಕೈಯಲ್ಲಿ ಹಿಟ್ಟು ಬೇಡವಾದಾಗ ಮಾತ್ರ ಉಬ್ಬುತ್ತದೆ.

ಸ್ಪೇಸರುಗಳು ಬಂದವು. ಜಂಗು ತಿಕ್ಕಿ, ಮೈ ಒರೆಸಿ, ಉದ್ದನೆಯ ಬೋಲ್ಟು ಹಾಕಿ, ಹೇಳಿದಷ್ಟೇ ಬಲದಲ್ಲಿ ನಾನೇ ಬಿಗಿದೆ. ಮತ್ತೆ ಚಪಾತಿ ಹಿಟ್ಟು, ಮತ್ತೆ ಒಂದು ಸುತ್ತು. ಈ ಸಲ ದವಡೆಯ ಮೇಲೆ ಆರು ಮಿಲಿಮೀಟರಿನ ಹತ್ತಿರ ಹಿಟ್ಟು ಉಳಿಯಿತು, ಅರ್ಧ ಗಂಟೆ ಬಿಟ್ಟು ಅಳೆದರೂ ಅಷ್ಟೇ ಇತ್ತು. ಡೆನಿಸ್ ಇನ್ನೊಂದು ಶನಿವಾರ ಬಂದು ತಿರುಗಿಸಿ, ತಟ್ಟಿ, ಓಡಿಸಿ ನೋಡಿ ಸೈ ಎಂದ. ಡಬ್ಬಿಯಲ್ಲಿ ಉಳಿದ ಹಿಟ್ಟು ಅವನಿಗೇ ಚಪಾತಿಯಾಯಿತು. ತಿನ್ನುವ ಮೊದಲು ಒಮ್ಮೆ ಮೂಸಿ ನೋಡಿದ.

ಆ ವರ್ಷದ ಮೊದಲ ಹಿಮ ಬಿದ್ದದ್ದು ಒಂದು ಮಂಗಳವಾರ. ಮರುದಿನ ಮಧ್ಯಾಹ್ನ ಇಳಾಳ ಶಾಲೆಯ ಮುಂದೆ ಕಾರು ನಿಲ್ಲಿಸಿದಾಗ ಆಗಲೇ ಬೆಳಕು ಕಂದುತ್ತಿತ್ತು. ಅವಳು ಬೂಟಿನ ಹಿಮ ಕೊಡವಿ ಪಕ್ಕದಲ್ಲಿ ಕೂತಳು, ಕಾಲು ಚಾಚಿದಳು. ಹೊರಟೆವು. ಟೈರುಗಳು ಹಿಮದ ಮೇಲೆ ಕರಕರ ಎನ್ನುತ್ತಿದ್ದವು, ಚಕ್ರದೊಳಗಿನಿಂದ ಯಾವ ಸದ್ದೂ ಇರಲಿಲ್ಲ. ಅದನ್ನೇ ಆಲಿಸುತ್ತ ನಾನು ಕೊಂಚ ಜಂಬದಿಂದ, ಈ ಕಾರು ರೆಡಿಯಾಗದೇ ಇದ್ದಿದ್ದರೆ ನಿನ್ನ ಈಜಿನ ಗತಿ ಏನಾಗುತ್ತಿತ್ತು ನೋಡು ಎಂದೆ.

"ಬಸ್ಸಲ್ಲಿ ಹೋಗ್ತಿದ್ದೆ" ಎಂದಳು ಇಳಾ.

"ಯಾವ ಬಸ್ಸು?"

"ಮೆನ್ ಅಮ್ಮಾ!" ಎಂದು ರಾಗವೆಳೆದಳು. ಮೆನ್ ಎಂದರೆ ಸ್ವೀಡಿಷ್‌ನಲ್ಲಿ ‘ಆದರೆ’. "ಸ್ಕೂಲ್ ಮುಂದೇನೇ ಬರತ್ತೆ, ಪೂಲ್ ಮುಂದೇನೇ ನಿಲ್ಲತ್ತೆ. ಎಲ್ರೂ ಅದ್ರಲ್ಲೇ ಹೋಗ್ತಾರೆ."

"ಯಾವಾಗಿಂದ ಇದೆ ಅದು?"

"ಆಲ್ಟಿದ್" ಎಂದಳು. ಯಾವಾಗಲೂ ಎಂದು ಅರ್ಥ.

ನಾನು ರಸ್ತೆಯನ್ನೇ ನೋಡುತ್ತಿದ್ದೆ. ಅವಳೂ ರಸ್ತೆಯನ್ನೇ ನೋಡುತ್ತಿದ್ದಳು. ಹಾಗಾದರೆ ಇಷ್ಟು ದಿನ ನೀನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿ, ಮುಖ್ಯವಲ್ಲದ ವಿಷಯವೆಂಬಂತೆ, "ಇದ್ರಲ್ಲಿ ಸೀಟ್ ಬೆಚ್ಚಗಿರತ್ತೆ" ಎಂದಳು.

ಈಜುಕೊಳದ ತಿರುವು ಎದುರಿಗೆ ಬಂತು. ಬೇಗ ಬಂದಿದ್ದೆವು. ನೇರ ಹೋದರೆ ಬಿಲ್ಲಿಂಗೆನ್ ಗುಡ್ಡದ ಬುಡದವರೆಗೆ ಹೋಗಿ ಸುತ್ತಿಕೊಂಡು ಬರುವ ದಾರಿ. "ಒಂದು ರೌಂಡ್ ಹಾಕೋಣ್ವಾ?" ಎಂದೆ. "ಹಾಕು" ಎಂದಳು, ಕನ್ನಡದಲ್ಲೇ. ನಾನು ಪೆಡಲಿನ ಮೇಲೆ ಕಾಲಿಟ್ಟೆ, ಓಡಲು ಅಲ್ಲ, ನಿಧಾನವಾಗಲು. ರೇಸಿಗೆಂದು ಕೂರಿಸಿದ ಆ ಪರಾತದಂಥ ಬ್ರೇಕುಗಳು ನಮ್ಮಿಬ್ಬರನ್ನು ಹಿಮದ ಮೇಲೆ ಮೆಲ್ಲಗೆ, ಒಂದಿಷ್ಟೂ ಅಲುಗದಂತೆ ನಿಧಾನ ಮಾಡಿದವು. ಅಗತ್ಯಕ್ಕಿಂತ ದೊಡ್ಡವು ಎಂದು ಆರಂಭದಲ್ಲಿ ಹೇಳಿದೆನಲ್ಲ, ಆ ಮಾತನ್ನು ಈಗ ವಾಪಸು ತೆಗೆದುಕೊಳ್ಳುತ್ತೇನೆ. ಅವಳಿಗೆ ಹನ್ನೆರಡು ವರ್ಷ, ಸ್ವಲ್ಪ ದಿನದಲ್ಲಿ ಹದಿಮೂರು. ನನಗೆ ಇನ್ನೂ ದೊಡ್ಡ ಬ್ರೇಕಿದ್ದರೂ ಸಾಲದು.